ಚದರಕ್ಕೆ ಎಷ್ಟು ಎಂದು ಕೇಳುವ ಮೊದಲು ಒಂದು ಗುಂಡಿ ತೋಡಿಸಿ

ಪ್ರಶ್ನೆ: ದಾವಣಗೆರೆ ಹೊರವಲಯದಲ್ಲಿ 30×40 ಸೈಟಿದೆ. 8 ಚದರದ (800 ಚದರಡಿ) ಮನೆ ಕಟ್ಟಬೇಕು. ಈಗ ಚದರಕ್ಕೆ ಎಷ್ಟು ನಡೀತಿದೆ? ಮೇಸ್ತ್ರಿ ಹೇಳಿದ ರೇಟು ಸರಿಯಿದೆಯಾ ಅಂತ ನೋಡೋದು ಹೇಗೆ?

ಉತ್ತರ: ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಇದೇ. ಪ್ರತಿ ಸಲವೂ ಬೇಸರವಾಗುತ್ತದೆ. ಕೇಳುವವರು ಜೀವಮಾನದ ಉಳಿತಾಯ ಹಾಕುತ್ತಿರುತ್ತಾರೆ, ಆದರೆ ಒಂದೇ ಒಂದು ಅಂಕಿ ನಂಬಿ ಹೊರಡುತ್ತಾರೆ. ಚದರದ ರೇಟು ನಾನು ಹೇಳುವುದಿಲ್ಲ. ಅದು ಅಳೆಯುವುದು ನೆಲದ ಮೇಲಿನ ಮನೆಯನ್ನು. ನಮ್ಮೂರಲ್ಲಿ ಲೆಕ್ಕ ತಪ್ಪುವುದು ನೆಲದ ಕೆಳಗೆ.

ಹತ್ತಿ ಮಿಲ್ಲುಗಳಿಂದ ಹೆಸರಾದ ಊರು ದಾವಣಗೆರೆ. ಹತ್ತಿ ಬೆಳೆಯುವುದು ಎರೆಮಣ್ಣಿನಲ್ಲಿ. ಅಂಥ ಎಷ್ಟೋ ಹೊಲಗಳು ಇವತ್ತು ಲೇಔಟ್ ಆಗಿವೆ. ಏಪ್ರಿಲ್‌ನಲ್ಲಿ ಎರೆಮಣ್ಣು ಕಲ್ಲಿನ ಹಾಗಿರುತ್ತದೆ. ಆಗ ಬಂದು ಕಾಲಲ್ಲಿ ಒದ್ದು "ನೆಲ ಗಟ್ಟಿ ಐತಿ, 4 ಅಡಿ ಸಾಕು" ಅನ್ನುವವರನ್ನು ದಯವಿಟ್ಟು ನಂಬಬೇಡಿ. ಮಳೆಗಾಲದಲ್ಲಿ ಅದೇ ಮಣ್ಣು ನೀರು ಕುಡಿದು ಉಬ್ಬುತ್ತದೆ, ಪಾಯವನ್ನೇ ಎತ್ತುತ್ತದೆ. ಬೇಸಿಗೆಗೆ ಮತ್ತೆ ಕುಗ್ಗುತ್ತದೆ. ಗೋಡೆ ಸೀಳುವುದು ಹಾಗೆ. ಇಂಥ ಸೈಟಿನಲ್ಲಿ ಪಾಯ ಈ ಪದರ ದಾಟಿ ಗರಸಿಗೆ, ಅಂದರೆ ಕೆಳಗಿನ ಗಟ್ಟಿ ಕಲ್ಲುಮಿಶ್ರಿತ ಮಣ್ಣಿಗೆ, ಮುಟ್ಟಲೇಬೇಕು ಎಂಬುದು ನನ್ನ ಹಟ.

ಈಗ ಲೆಕ್ಕ ನೋಡಿ. 12 ಕಾಲಂ, ಒಂದೊಂದಕ್ಕೆ 5×5 ಅಡಿ ಗುಂಡಿ. 4 ಅಡಿ ಅಂದುಕೊಂಡದ್ದು 8 ಅಡಿಗೆ ಹೋಯಿತು ಅನ್ನಿ. ಅಗೆತವೇ 1,200 ಘನ ಅಡಿ ಜಾಸ್ತಿ, ಅಂದರೆ 12 ಬ್ರಾಸ್. ಪ್ರತಿ ಕಾಲಂ 4 ಅಡಿ ಉದ್ದವಾಯಿತು. ಅದರ ಕಾಂಕ್ರೀಟು, ಕಂಬಿ, ಶಟರಿಂಗ್ ಬೇರೆ. ತೋಡಿದ ಎರೆಮಣ್ಣನ್ನೇ ಪ್ಲಿಂತ್ (ಪಾಯದ ಮೇಲೆ, ಮನೆಯ ನೆಲದವರೆಗಿನ ಭಾಗ) ಒಳಗೆ ತುಂಬುವ ಹಾಗಿಲ್ಲ, ಟೈಲ್ಸ್ ಎದ್ದುಬಿಡುತ್ತವೆ. ಗರಸು ತರಿಸಬೇಕು. 800 ಚದರಡಿಗೆ 3 ಅಡಿ ಎತ್ತರ ಅಂದರೆ 2,400 ಘನ ಅಡಿ. ನೀರು ಹಾಕಿ ದಮ್ಮಸು ಮಾಡಿದರೆ ಕೆಳಗಿಳಿಯುತ್ತದೆ, ಅದಕ್ಕೆ ಕಾಲು ಭಾಗ ಸೇರಿಸಿ. 30 ಬ್ರಾಸ್ ಆಯಿತು. ಇದೆಲ್ಲ ನಿಮ್ಮ ಚದರದ ರೇಟಿನಲ್ಲಿ ಸೇರಿದೆಯಾ ಅಂತ ಮೇಸ್ತ್ರಿಯನ್ನು ಇವತ್ತೇ ಕೇಳಿ. ಪಾಯ ತೋಡಿದ ಮೇಲೆ ಕೇಳಿದರೆ ಅದು "ಎಕ್ಸ್‌ಟ್ರಾ" ಆಗಿರುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಕ್ಕದ ಸೈಟಿನ ಪಾಯ ನೋಡಿ ನಾನೊಂದು ಎಸ್ಟಿಮೇಟ್ ಬರೆದಿದ್ದೆ. ಗರಸು ಸಿಕ್ಕಿದ್ದು 9 ಅಡಿಗೆ. ದುಡ್ಡು ಮುಗಿದು ಆ ಮನೆ ಲಿಂಟಲ್ ಮಟ್ಟದಲ್ಲಿ ಒಂದೂವರೆ ವರ್ಷ ನಿಂತಿತು. ಆಮೇಲಿಂದ, ಜೆಸಿಬಿ ತರಿಸಿ ಎರಡು ಮೂಲೆಯಲ್ಲಿ ಗುಂಡಿ ತೋಡಿಸದೆ ನಾನು ಯಾವ ಎಸ್ಟಿಮೇಟಿಗೂ ಸಹಿ ಹಾಕಿಲ್ಲ. ಯಾರು ಎಷ್ಟೇ ಅವಸರ ಮಾಡಲಿ.

ಉಳಿದದ್ದನ್ನು ಐಟಂ ಪ್ರಕಾರ ಬರೆಸಿ: ಅಗೆತ, ಕಾಂಕ್ರೀಟು ಘನ ಮೀಟರಿಗೆ, ಪ್ಲಾಸ್ಟರ್ ಚದರ ಮೀಟರಿಗೆ, ಕಂಬಿ ಕೆಜಿಗೆ. ಕಂಬಿಯ ತೂಕ ನೀವೇ ಹಿಡಿಯಬಹುದು. ಎಂಎಂ ಲೆಕ್ಕದ ದಪ್ಪವನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. 12 ಎಂಎಂ ಕಂಬಿ ಮೀಟರಿಗೆ 0.89 ಕೆಜಿ ಬರುತ್ತದೆ. 1:1.5:3 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟ್ ಬೇಕು. 6 ಎಂದು ಬರೆದಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ.

ಪ್ರಶ್ನೆ: ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಎಸ್ಟಿಮೇಟ್ ಶೇ 10 ಇಳಿಸಬಹುದಲ್ವಾ? (ಹರಿಹರದ ಓದುಗರು)

ಉತ್ತರ: ಇಲ್ಲ. 2025ರ ಸೆಪ್ಟೆಂಬರ್ 22ರಿಂದ 128 ರೂಪಾಯಿಯ ಮಾಲು 118ಕ್ಕೆ ಬರಬೇಕು, ಅಂದರೆ ನೂರಕ್ಕೆ 8ರ ಹತ್ತಿರ ಇಳಿಕೆ. ಒಟ್ಟು ಖರ್ಚಿನಲ್ಲಿ ಸಿಮೆಂಟಿನ ಪಾಲು ಆರನೇ ಒಂದು ಎಂದಿಟ್ಟುಕೊಂಡರೂ ಮನೆಯ ಲೆಕ್ಕದಲ್ಲಿ ಉಳಿಯುವುದು ನೂರಕ್ಕೆ ಒಂದೂಕಾಲು ರೂಪಾಯಿಯ ಹತ್ತಿರ.

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ ಬರುವ ಲೆಕ್ಕ ನಂಬಬಹುದಾ?

ಉತ್ತರ: ನಂಬಬೇಡಿ. ಅದಕ್ಕೆ ನಿಮ್ಮ ಮಣ್ಣು ಗೊತ್ತಿಲ್ಲ.

ಪ್ರಶ್ನೆ: ಪಾಯ ಮುಗಿದ ಮೇಲೆ ವಾಸ್ತು ಹೇಳುವವರು ಸಂಪ್ ಒಡೆಸಿ ಅನ್ನುತ್ತಿದ್ದಾರೆ. ಖರ್ಚೆಷ್ಟು?

ಉತ್ತರ: ಒಡೆಸಬೇಡಿ. ಇಂಥ ಮಾತು ನಕ್ಷೆ ಹಂತದಲ್ಲೇ ಮುಗಿಯಬೇಕಿತ್ತು.

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮ ಸೈಟಿನ ಒಂದು ಭಾಗ ಪೂರ್ತಿ ಬಂಡೆ. ಪಾಯದ ಖರ್ಚು ಉಳೀತು ಅಲ್ವಾ?

ಉತ್ತರ: ಬಂಡೆಯ ಮೇಲೆ ಮನೆ ಗಟ್ಟಿಯಾಗಿ ಕೂರುತ್ತದೆ, ನಿಜ. ಆದರೆ ಸಂಪ್, ಶೌಚದ ಗುಂಡಿ, ಪೈಪು ಎಲ್ಲಿ ಹೋಗಬೇಕು? 6 ಅಡಿ ಉದ್ದ, ಅಗಲ, ಆಳದ ಸಂಪ್ ಅಂದರೆ 216 ಘನ ಅಡಿ ಕಲ್ಲು ಒಡೆಯಬೇಕು. ಮಣ್ಣಿನ ಅಗೆತಕ್ಕೆ ಒಂದು ರೇಟು, ಬಂಡೆಗೆ ಒಂದು ರೇಟು ಅಂತ ಒಪ್ಪಂದದಲ್ಲಿ ಬೇರೆ ಬೇರೆ ಬರೆಸಿ. ಅದಕ್ಕಿಂತ ದೊಡ್ಡ ಚಿಂತೆ ನನಗೆ ಇನ್ನೊಂದಿದೆ. ಮನೆಯ ಅರ್ಧ ಬಂಡೆಯ ಮೇಲೆ, ಅರ್ಧ ಮಣ್ಣಿನ ಮೇಲೆ ಬಂದರೆ ಮಣ್ಣಿನ ಕಡೆ ಮಾತ್ರ ಕುಸಿಯುತ್ತದೆ. ನಕ್ಷೆ ಮಾಡಿಸುವ ಮೊದಲೇ ಸ್ಟ್ರಕ್ಚರಲ್ ಎಂಜಿನಿಯರನ್ನು ಸೈಟಿಗೆ ಕರೆದುಕೊಂಡು ಹೋಗಿ.