ಎರಿ ಹೊಲ ಹದಕ್ಕೆ ಬರುವ ನಾಲ್ಕು ದಿನ

"ಮೊಬೈಲಿನಲ್ಲೇ ಹವಾಮಾನ ಸಿಗುತ್ತದೆ, ಆದರೂ ನಿಮ್ಮ ಕಡೆಯವರು ಉತ್ತರಿ, ಹಸ್ತಿ ಅಂತ ಪಂಚಾಂಗದ ಮಳೆ ಎಣಿಸುತ್ತಾರಲ್ಲ, ಯಾಕೆ?" ಎಂದು ಕೇಳಿದ್ದೀರಿ. ಭೀಮಾ ಹೊಳೆಯ ದಂಡೆಯಿಂದ ಉತ್ತರ ಇದು. ಹೊಳೆಯ ಈಚೆ ಕರ್ನಾಟಕದ ವಿಜಯಪುರ ಜಿಲ್ಲೆಯ ಇಂಡಿ, ಚಡಚಣ. ಆಚೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ಅಲ್ಲಿಯ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಯ ಜತ್ತ, ಎಲ್ಲೆಲ್ಲೂ ಮನೆಯೊಳಗೆ ಕನ್ನಡ ಕೇಳುತ್ತದೆ. ಹೊಲದ ಕಾಗದಕ್ಕೆ ಈಚೆ ಪಹಣಿ ಎನ್ನುತ್ತಾರೆ, ಆಚೆ ಸಾತ್‌ಬಾರಾ. ಜೋಳ ಮಾತ್ರ ಎರಡೂ ಕಡೆ ಅದೇ ಹಿಂಗಾರಿ ಬಿಳಿಜೋಳ, ಹೆಚ್ಚಾಗಿ ಮಾಲದಂಡಿ ತಳಿ.

ಮೊದಲು ಪಂಚಾಂಗದ ವಿಷಯ. ಮಳೆ ನಕ್ಷತ್ರ ಭವಿಷ್ಯವಲ್ಲ, ಕ್ಯಾಲೆಂಡರು. ಸೂರ್ಯನ ಲೆಕ್ಕದ್ದಾದ್ದರಿಂದ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತದೆ, ಒಂದೊಂದು ಹದಿಮೂರು-ಹದಿನಾಲ್ಕು ದಿನ. ಉತ್ತರಿ ಸೆಪ್ಟೆಂಬರ್ 13ರ ಸುಮಾರಿಗೆ ಹೂಡುತ್ತದೆ, ಹಸ್ತಿ 27ರ ಹೊತ್ತಿಗೆ, ಚಿತ್ತಿ ಅಕ್ಟೋಬರ್ 10ರ ಆಸುಪಾಸು. ಕೃಷಿ ವಿಶ್ವವಿದ್ಯಾಲಯದವರು "ಸೆಪ್ಟೆಂಬರ್ ಎರಡನೇ ಪಾಕ್ಷಿಕದಿಂದ ಅಕ್ಟೋಬರ್ ಮಧ್ಯದವರೆಗೆ ಬಿತ್ತಿ" ಎನ್ನುವುದೂ, ಮುದುಕರು "ಉತ್ತರಿ-ಹಸ್ತ್ಯಾಗ ಬಿತ್ತರಿ" ಎನ್ನುವುದೂ ಒಂದೇ ಮಾತು. ಆ ನಾಲ್ಕು ವಾರದಲ್ಲಿ ಯಾವ ದಿನ ಕೂರಿಗೆ (ಸಾಲಿನಲ್ಲಿ ಬೀಜ ಬಿತ್ತುವ ಸಾಧನ) ಹೂಡಬೇಕು ಎಂಬುದನ್ನು ಪಂಚಾಂಗ ಹೇಳಲಾರದು. ಹವಾಮಾನ ಇಲಾಖೆಯ ಕೆಲಸ ಶುರುವಾಗುವುದು ಅಲ್ಲಿಂದ.

ಹೊರಗಿನವರಿಗೆ ತಿಳಿಯದ ಸಂಗತಿ ಒಂದಿದೆ. ಬಿತ್ತನೆಯ ಹೊತ್ತಿಗೆ ನಮ್ಮ ರೈತ ಮುನ್ಸೂಚನೆಯಲ್ಲಿ ಹುಡುಕುವುದು ಮಳೆ ಬಿಡುವ ದಿನಗಳನ್ನು. ಕಾರಣ ಎರಿ, ಅಂದರೆ ಕಪ್ಪು ಮಣ್ಣು. ಒಂದು ಮೀಟರ್ ಆಳದ ಎರಿ ಬೆಳೆಗೆ ದಕ್ಕುವಂಥ 150ರಿಂದ 200 ಮಿ.ಮೀ. ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಜೋಳ ಮುಂದಿನ ನಾಲ್ಕು ತಿಂಗಳು ಬಹುತೇಕ ಈ ಹಸಿಯ ಮೇಲೆಯೇ ಬದುಕಬೇಕು. ಆದರೆ 40-50 ಮಿ.ಮೀ. ಬಿದ್ದ ಮರುದಿನ ಅದೇ ಹೊಲಕ್ಕೆ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಎತ್ತೂ ಹೋಗದು, ಟ್ರ್ಯಾಕ್ಟರೂ ಹೋಗದು. ಮೂರು-ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಹದ, ಅಂದರೆ ಬಿತ್ತಲು ತಕ್ಕ ತೇವ, ಬರುತ್ತದೆ, ಮತ್ತೆ ಮೂರು-ನಾಲ್ಕು ದಿನಕ್ಕೆ ಮೇಲ್ಮಣ್ಣು ಒಣಗಿ ಹದ ತಪ್ಪುತ್ತದೆ.

ಹದ ನೋಡುವ ರೀತಿ ಹೀಗೆ. ನಾಲ್ಕೈದು ಇಂಚು ಕೆಳಗಿನ ಮಣ್ಣು ಒಂದು ಹಿಡಿ ತೆಗೆದು ಉಂಡೆ ಕಟ್ಟಬೇಕು. ಅಂಗೈಗೆ ಮೆತ್ತಿಕೊಂಡರೆ ಇನ್ನೂ ಹಸಿ ಹೆಚ್ಚು. ಉಂಡೆಯೇ ಆಗದೆ ಪುಡಿಯಾದರೆ ಹೊತ್ತು ಮೀರಿತು. ಉಂಡೆಯಾಗಿ, ಕೈಗೆ ಅಂಟದೆ, ಸೊಂಟದ ಎತ್ತರದಿಂದ ಬಿಟ್ಟಾಗ ನಾಲ್ಕು ಚೂರಾಗಿ ಒಡೆದರೆ ಅದೇ ಹದ. ಹಸಿ ಹೆಚ್ಚಿದ್ದಾಗಲೇ ಹೂಡಿದರೆ ಕೂರಿಗೆಯ ಹಲ್ಲಿಗೆ ಮಣ್ಣು ಮೆತ್ತಿ ಕೊಳವೆ ಕಟ್ಟಿಕೊಳ್ಳುತ್ತದೆ. ಬಟ್ಟಲಿಗೆ ಬೀಜ ಬಿಡುವವರಿಗೆ ಅದು ಗೊತ್ತಾಗುವುದೇ ಇಲ್ಲ, ಹತ್ತು ದಿನ ಬಿಟ್ಟು ಸಾಲಿನಲ್ಲಿ ಮಾರುದ್ದದ ಬೋಳು ಕಂಡಾಗ ಗೊತ್ತಾಗುತ್ತದೆ.

ಬಿತ್ತಿದ ಮೇಲೂ ಮೂರು ದಿನ ಜೋರು ಮಳೆ ಬರಬಾರದು. ಎರಡು ಇಂಚು ಆಳದ ಬೀಜದ ಮೇಲೆ ನೆಲ ಹೆಪ್ಪುಗಟ್ಟಿದರೆ ಮೊಳಕೆ ಒಳಗೇ ಮುರುಟಿಕೊಳ್ಳುತ್ತದೆ. ಎಕರೆಗೆ ಮೂರು ಕಿಲೋ ಬೀಜವಷ್ಟೇ, ಬೀಜದ ದುಡ್ಡು ದೊಡ್ಡದಲ್ಲ. ಹೋದ ಹದ ಮರಳಿ ಬರುವುದಿಲ್ಲ, ದುಃಖ ಅದಕ್ಕೆ.

ಹೀಗಾಗಿ ನಮಗೆ ಬೇಕಾದದ್ದು ಒಂದು ಒಳ್ಳೆಯ ಮಳೆ, ಅದರ ಹಿಂದೆ ಆರೇಳು ದಿನದ ಬಿಡುವು. ಹವಾಮಾನ ಇಲಾಖೆಯ ಕೃಷಿ ಸಲಹಾ ಪತ್ರಿಕೆ ಜಿಲ್ಲೆಗೊಂದರಂತೆ ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ, ಮುಂದಿನ ಐದು ದಿನದ ಲೆಕ್ಕದೊಂದಿಗೆ. ಮಂಗಳವಾರದ್ದರಲ್ಲಿ 22, 14, 0, 2, 0 ಮಿ.ಮೀ. ಎಂದಿದೆ ಎನ್ನಿ. ಮೊದಲ ಎರಡು ದಿನ ಹೊಲದ ಕಡೆ ಹೋಗುವುದು ಬೇಡ, ಬೀಜ ಸಿದ್ಧಮಾಡಿಕೊಳ್ಳಬಹುದು. ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಎಂಟು ತಾಸು ನೆನೆಸಿ, ನೆರಳಿನಲ್ಲಿ ಒಣಗಿಸಿಟ್ಟ ಬೀಜ ಕಡಿಮೆ ಹಸಿಯಲ್ಲೂ ಎದ್ದು ಬರುತ್ತದೆ. ಐದನೇ ದಿನದ ಸೊನ್ನೆಯನ್ನು ನಂಬಿ ಟ್ರ್ಯಾಕ್ಟರಿನವರಿಗೆ ಮುಂಗಡ ಕೊಡಬಾರದು, ಮೂರು ದಿನ ದಾಟಿದ ಅಂಕಿ ಸಡಿಲ. ಶುಕ್ರವಾರದ ಪತ್ರಿಕೆಯಲ್ಲೂ ಸೊನ್ನೆಗಳು ನಿಂತಿದ್ದರೆ ಆಗ ಮಾತು.

ಜನ ಎಡವುವುದು ಅಂಕಿಗಿಂತ ಮಾತಿನಲ್ಲಿ. "ಒಂದೆರಡು ಕಡೆ ಭಾರಿ ಮಳೆ" ಎಂದರೆ ಜಿಲ್ಲೆಯ ಕಾಲುಭಾಗ ಅಥವಾ ಅದಕ್ಕೂ ಕಡಿಮೆ ಜಾಗದಲ್ಲಿ ಎಂದು ಅರ್ಥ. ಮರಾಠಿ ಪತ್ರಿಕೆಯ "ತುರಳಕ್ ಠಿಕಾಣಿ" ಎಂಬುದೂ ಅದೇ. ಕಾಲುಭಾಗದಿಂದ ಅರ್ಧದವರೆಗೆ ಇದ್ದರೆ "ಕೆಲವು ಕಡೆ", ಮುಕ್ಕಾಲು ದಾಟಿದರೆ "ಬಹುತೇಕ ಕಡೆ". ಇನ್ನು "ಭಾರಿ" ಎಂಬುದು ಬಾಯಿಮಾತಿನ ಭಾರಿಯಲ್ಲ, 24 ತಾಸಿನಲ್ಲಿ 64.5 ಮಿ.ಮೀ. ಮುಟ್ಟಿದ ಮಳೆ. 115.6 ದಾಟಿದರೆ ಅತಿ ಭಾರಿ. ದಿನವೂ ಮಧ್ಯರಾತ್ರಿಗೆ ಮುಗಿಯುವುದಿಲ್ಲ. 18ನೇ ತಾರೀಖಿನ ದಾಖಲೆಯ ಮಳೆ 17ರ ಮುಂಜಾನೆ 8.30ರಿಂದ 18ರ 8.30ರವರೆಗೆ ಬಿದ್ದದ್ದು. ಸಂಜೆ ಸುರಿದ ಮಳೆ ಮರುದಿನದ ಲೆಕ್ಕದಲ್ಲಿ ಕಂಡರೆ "ಸರ್ಕಾರಿ ಅಂಕಿ ಸುಳ್ಳು" ಎಂದು ಸಿಟ್ಟಾಗಬೇಕಿಲ್ಲ.

ಎತ್ತಿನ ಒಂದು ಕೋಡು ತೊಯ್ದರೆ ಇನ್ನೊಂದು ತೊಯ್ಯುವುದಿಲ್ಲ ಎಂಬಂಥ ಮಳೆ ನಮ್ಮದು. ಗಡಿಯ ಎರಡು ಬದಿ ಬೇರೆಬೇರೆಯಾಗುವುದು ಇಲ್ಲೇ. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ತಾನೇ ಅಂಕಿ ಕಳಿಸುವ ಮಳೆಮಾಪಕ ಇಟ್ಟಿದೆ, ಗಾಳಿ-ತೇವ-ಉಷ್ಣಾಂಶ ಅಳೆಯುವ ಕೇಂದ್ರ ಹೋಬಳಿಗೊಂದು. ಅದರ 'ವರುಣ ಮಿತ್ರ' ಸಹಾಯವಾಣಿಗೆ ಪಂಚಾಯಿತಿ ಹೆಸರು ಹೇಳಿದರೆ ಕನ್ನಡದಲ್ಲೇ ಉತ್ತರ. ಮಹಾರಾಷ್ಟ್ರದಲ್ಲಿ 'ಮಹಾವೇಧ್' ಯೋಜನೆಯ ಸ್ವಯಂಚಾಲಿತ ಕೇಂದ್ರ ಇರುವುದು ಮಹಸೂಲ್ ಮಂಡಳಕ್ಕೊಂದು (ಕಂದಾಯ ವೃತ್ತ), ಅದರೊಳಗೆ ಹತ್ತಾರು ಹಳ್ಳಿ. ಅಕ್ಕಲಕೋಟೆ ಕಡೆಯ ಕನ್ನಡಿಗರು ಹೊಳೆಯಾಚೆಯ ಕರ್ನಾಟಕದ ಪಂಚಾಯಿತಿ ಹೆಸರು ಹೇಳಿ ಕೇಳಿದರೂ ತಪ್ಪಿಲ್ಲ, ಮೋಡಕ್ಕೆ ಗಡಿಕಲ್ಲು ಕಾಣುವುದಿಲ್ಲವಲ್ಲ. ಪರಿಹಾರಕ್ಕೆ ಮಾತ್ರ ಕಾಣುತ್ತದೆ: ಆಚೆ ಮಂಡಳದ ಮಾಪಕದಲ್ಲಿ 65 ಮಿ.ಮೀ. ದಾಟಿದರೆ ಅತಿವೃಷ್ಟಿ ಎಂದು ಲೆಕ್ಕ. ಮಾಪಕವಿದ್ದ ಊರಲ್ಲಿ 60 ಬಿದ್ದು ಎಂಟು ಕಿಲೋಮೀಟರ್ ದೂರದ ಹೊಲದಲ್ಲಿ 90 ಬಿದ್ದರೆ ಆ ಹೊಲದವರ ಪಾಡು ಊಹಿಸಿಕೊಳ್ಳಿ.

ಸರ್ಕಾರಿ ಮಾಪಕವೂ ದೇವರಲ್ಲ. ಆಲಿಕೆಯಲ್ಲಿ ಬೇವಿನೆಲೆ ಕಟ್ಟಿಕೊಂಡರೆ, ಹಕ್ಕಿ ಗೂಡು ಇಟ್ಟರೆ, ಸುರಿಯುವ ಮಳೆಗೂ ಸೊನ್ನೆ ತೋರಿಸುತ್ತದೆ. ಇದಕ್ಕೇ ಹೊಲದಲ್ಲಿ ಸ್ವಂತದ್ದೊಂದು ಇರಲಿ. ಬಾಯಿಂದ ತಳದವರೆಗೆ ಒಂದೇ ಅಗಲದ ಡಬ್ಬ ಸಾಕು, ಸ್ಕೇಲು ಇಳಿಬಿಟ್ಟು ನೋಡಿದರೆ ನಿಂತ ನೀರಿನ ಎತ್ತರವೇ ಮಳೆಯ ಮಿಲಿಮೀಟರು. ಬಕೆಟ್ ಬೇಡ: ಬಾಯಿ ಅಗಲ, ತಳ ಕಿರಿದು, ಹತ್ತು ಬಿದ್ದದ್ದು ಹದಿನೈದಾಗಿ ಕಾಣುತ್ತದೆ. ಡಬ್ಬದ ಬಾಯಿ ನೆಲದಿಂದ ಒಂದಡಿ ಮೇಲಿರಲಿ. ಹತ್ತಿರದ ಗಿಡದಿಂದ, ಅದು ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರವಿಡಬೇಕು. ಮುಂಜಾನೆ 8.30ಕ್ಕೆ ಅಳೆದು, ಗೋಡೆಯ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆದು, ನೀರು ಚೆಲ್ಲಬೇಕು. ಒಂದು ಎಕರೆಗೆ ಒಂದು ಮಿ.ಮೀ. ಅಂದರೆ ನಾಲ್ಕು ಸಾವಿರ ಲೀಟರ್ ನೀರು. ಜುಲೈನಲ್ಲೇ ಚೌಕು ಮಡಿ (ಸಣ್ಣ ಬದು ಕಟ್ಟಿದ ಚೌಕಗಳು) ಹಾಕಿದ್ದರೆ ಅದಷ್ಟೂ ಹೊಲದಲ್ಲೇ ಇಂಗುತ್ತದೆ. ಇಳಿಜಾರು ಹೆಚ್ಚಿದ್ದರೆ ಮೂರು ಮೀಟರ್ ಚೌಕ, ಕಡಿಮೆಯಿದ್ದರೆ ನಾಲ್ಕೂವರೆ. ಮಡಿಯಿಲ್ಲದ ಹೊಲದಲ್ಲಿ ಸೆಪ್ಟೆಂಬರಿನ ಜೋರು ಮಳೆ ಒಡ್ಡು ಒಡೆದು ಹಳ್ಳ ಸೇರುತ್ತದೆ, ಮಾಪಕದಲ್ಲಿ ಮಾತ್ರ ಮಳೆ ಚೆನ್ನಾಗಿಯೇ ಆಗಿರುತ್ತದೆ.

2024ರ ಅಕ್ಟೋಬರಿನಿಂದ ಪಂಚಾಯಿತಿ ಮಟ್ಟದ ಐದು ದಿನದ ಮುನ್ಸೂಚನೆ ದೇಶದೆಲ್ಲೆಡೆ ಸಿಗುತ್ತಿದೆ. ಒಳ್ಳೆಯದೇ. ಆದರೆ ಅದೇ ವರ್ಷದ ಆರಂಭದಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಲ್ಲಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಮುಚ್ಚಿದರು. "12 ಮಿ.ಮೀ., ಗಾಳಿ 14 ಕಿ.ಮೀ." ಎಂಬ ಅಂಕಿ ಪಂಚಾಯಿತಿವರೆಗೆ ಬಂತು, "ಹಾಗಾದರೆ ನಾಳೆ ತೊಗರಿಗೆ ಔಷಧ ಹೊಡೆಯಬೇಡಿ" ಎಂದು ತಾಲೂಕಿನ ಬೆಳೆ ನೋಡಿ ಹೇಳುವ ಜನ ಕಡಿಮೆಯಾದರು. ವಿಜಯಪುರ, ಸೊಲ್ಲಾಪುರ ಎರಡರಲ್ಲೂ ಒಣಬೇಸಾಯದ ಹಳೆಯ ಸಂಶೋಧನಾ ಕೇಂದ್ರಗಳಿರುವುದು ನಮ್ಮ ಪುಣ್ಯ. ಎರಡೂ ಜಿಲ್ಲೆಯ ಪತ್ರಿಕೆ ಓದಬಲ್ಲವರು ಎರಡನ್ನೂ ಓದುತ್ತಾರೆ.

ಇಡೀ ಹಂಗಾಮಿನ ಮುನ್ಸೂಚನೆಯಲ್ಲಿ ಟಿ.ವಿ.ಯವರು ಕುಣಿಯುವುದು ಏಪ್ರಿಲ್ ತಿಂಗಳದ್ದಕ್ಕೆ. ದೇಶದ ಸರಾಸರಿ 87 ಸೆಂ.ಮೀ.ಗೆ ಶೇಕಡಾ ಎಷ್ಟು ಎಂಬ ಆ ಅಂಕಿಯಿಂದ ಇಂಡಿಗೆ ಏನೂ ತಿಳಿಯುವುದಿಲ್ಲ. ಇಲ್ಲಿ ವರ್ಷವಿಡೀ ಸೇರಿ ಬೀಳುವುದೇ 60 ಸೆಂ.ಮೀ. ಆಸುಪಾಸು, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರಿನದು. ಹಿಂಗಾರಿ ರೈತ ಕಾಯಬೇಕಾದದ್ದು ಆಗಸ್ಟ್ ಕೊನೆಗೆ ಹೊರಬೀಳುವ ಸೆಪ್ಟೆಂಬರ್ ತಿಂಗಳ ಮುನ್ಸೂಚನೆಯನ್ನು, ಆಮೇಲೆ ಪ್ರತಿ ಗುರುವಾರದ ನಾಲ್ಕು ವಾರದ ನಕ್ಷೆಯನ್ನು. ಮನೆಯ ಕಾಳಿನ ಲೆಕ್ಕವೂ ಇದಕ್ಕೇ ಗಂಟುಬಿದ್ದಿದೆ. ಹಿಂದೆ ಹಗೇವಿನಲ್ಲಿ (ಕಾಳು ಇಡುವ ನೆಲದೊಳಗಿನ ಗುಂಡಿ) ಎರಡು-ಮೂರು ವರ್ಷದ ಜೋಳ ಇರುತ್ತಿತ್ತು, ಈಗ ಚೀಲದಲ್ಲಿ ಒಂದು ವರ್ಷದ್ದಿದ್ದರೆ ಹೆಚ್ಚು. ಸೆಪ್ಟೆಂಬರ್ ಕೊರತೆ ಎಂಬ ಸೂಚನೆಯಿದ್ದರೆ ಹಳೆಯ ಜೋಳವನ್ನೂ ಕಣಕಿಯ (ಜೋಳದ ಒಣ ದಂಟಿನ ಮೇವು) ಬಣವೆಯನ್ನೂ ಮಾರದೆ ಇಟ್ಟುಕೊಳ್ಳುವುದು ಜಾಣತನ. ಬರದಲ್ಲಿ ಮೊದಲು ತುಟ್ಟಿಯಾಗುವುದು ಮೇವು.

ಅಕ್ಟೋಬರ್ ಮಧ್ಯದವರೆಗೂ ಹದ ಸಿಗದಿದ್ದರೆ ಜೋಳದ ಹಟ ಬಿಡಬೇಕು. ತಡವಾದ ಜೋಳ ತೆನೆ ಕಟ್ಟುವ ಹೊತ್ತಿಗೆ ಹಸಿ ಮುಗಿದಿರುತ್ತದೆ. ಅಲ್ಲಿಂದಾಚೆ ಕಡಲೆ. ಜೋಳ ಬಿತ್ತಿ ತಿಂಗಳಾದ ಮೇಲೆ ಮಳೆ ಕೈಕೊಟ್ಟರೆ ಸಾಲು ಬಿಟ್ಟು ಸಾಲು ಕಿತ್ತು ದನಕ್ಕೆ ಹಾಕಿ, ಉಳಿದದ್ದನ್ನು ಬದುಕಿಸಬಹುದು. ಸಾಲಿನ ನಡುವೆ ಹರಗುವ ಎಡೆಕುಂಟೆ ಮೂರು-ನಾಲ್ಕು ಸಲ ಆಡಲಿ. ಎರಿಯ ಬಿರುಕಿನಿಂದ ಒಳಗಿನ ಹಸಿ ಹಾರಿಹೋಗುತ್ತದೆ, ಹರಗಿದ ಪುಡಿಮಣ್ಣು ಆ ಬಿರುಕಿಗೆ ಮುಚ್ಚಳ.

ತೊಗರಿಯವರ ಚಿಂತೆ ಬೇರೆ: ಹೂ ಬಿಡುವಾಗ ಮೋಡ ಮುಸುಕಿದರೆ ಕೀಡಿ, ಅಂದರೆ ಹುಳುವಿನ ಕಾಟ. ಔಷಧ ಹೊಡೆದ ಮೇಲೆ ನಾಲ್ಕಾರು ತಾಸು ಮಳೆಯಿಲ್ಲದ, ಗಾಳಿ ಜೋರಿಲ್ಲದ ಮುಂಜಾನೆ ನೋಡಿಕೊಂಡರಾಯಿತು.

ಹೊಳೆ ದಂಡೆಯ ಹೊಲಗಳಿಗೆ ಇಂಡಿಯ ಮುನ್ಸೂಚನೆ ಸಾಲದು. ಭೀಮೆಗೆ ನೀರು ಬರುವುದು ಪುಣೆಯ ಘಟ್ಟದಿಂದ, ಉಜನಿ ಜಲಾಶಯ ದಾಟಿ. ಇಲ್ಲಿ ಬಿಸಿಲಿದ್ದಾಗಲೂ ಹೊಳೆ ಏರಬಹುದು. 2020ರ ಅಕ್ಟೋಬರಿನಲ್ಲಿ ಇಲ್ಲೇ ಸುರಿದ ಮಳೆಯೂ ಮೇಲಿನ ನೀರೂ ಒಟ್ಟಿಗೆ ಬಂದು ದಂಡೆಯ ಊರುಗಳು ಮುಳುಗಿದವು, 2025ರ ಸೆಪ್ಟೆಂಬರಿನಲ್ಲಿ ಭೀಮೆಯ ಉಪನದಿ ಸೀನಾ ಕೂಡ ಕೂಡಿಕೊಂಡಿತು. ಉಜನಿ ತುಂಬುತ್ತ ಬಂದು ಘಟ್ಟದ ಜಿಲ್ಲೆಗಳಿಗೆ ಕೆಂಪು ಎಚ್ಚರಿಕೆ ಬಂದಿದ್ದರೆ ಪಂಪ್‌ಸೆಟ್ ಮೇಲೆತ್ತುವುದಕ್ಕೆ ಡಂಗುರದವರೆಗೆ ಕಾಯಬಾರದು.

ಇನ್ನು ಫೆಬ್ರವರಿ-ಮಾರ್ಚಿನ ರಾಶಿ. ಅಷ್ಟೊತ್ತಿಗೆ ಎಲ್ಲರೂ ಹವಾಮಾನ ನೋಡುವುದನ್ನೇ ಬಿಟ್ಟಿರುತ್ತಾರೆ, ಅಕಾಲಿಕ ಮಳೆ ಹೊಡೆಯುವುದು ಆಗಲೇ. ಒಮ್ಮೆ ತೊಯ್ದ ತೆನೆಯ ಕಾಳು ಕಪ್ಪಾಗಿ ಪೇಟೆಯಲ್ಲಿ ಬೆಲೆ ಬೀಳುತ್ತದೆ, ಕಣಕಿಗೆ ಬೂಷ್ಟು ಹಿಡಿಯುತ್ತದೆ. ಕೊಯ್ಯುವ ಮುಂಚೆ ಐದು ದಿನದ ಅಂಕಿ ನೋಡಿ, ತಾಡಪಾಲು ಕಣದಲ್ಲೇ ಇಟ್ಟುಕೊಳ್ಳುವುದು. ಕರ್ನಾಟಕದ ಕಡೆ ಫಸಲ್ ಬಿಮಾ (ಬೆಳೆ ವಿಮೆ) ಮಾಡಿಸಿದ್ದರೆ ಕೊಯ್ದು ಒಣಗಲು ಬಿಟ್ಟ ಬೆಳೆಗೂ 14 ದಿನದವರೆಗೆ ರಕ್ಷಣೆ ಇದೆ, ಆದರೆ ತೊಯ್ದ 72 ತಾಸಿನೊಳಗೆ ತಿಳಿಸಿರಬೇಕು. ಕಾಳು ಹಲ್ಲಿಗೆ ಹಾಕಿದಾಗ ಕಟ್ಟೆಂದು ಒಡೆದರೆ ಚೀಲಕ್ಕೆ ತುಂಬಬಹುದು. ಮೆತ್ತಗೆ ಚಪ್ಪಟೆಯಾದರೆ ಇನ್ನೆರಡು ಬಿಸಿಲು ಬೇಕು.