ಭಾರತದಲ್ಲಿ ಅಂಗವಿಕಲರು ಶೇ. 2.21 ಮಾತ್ರ, ಜಗತ್ತಿನಲ್ಲಿ ಶೇ. 16 ಅಂತಾರೆ. ನಾವು ಅಷ್ಟೊಂದು ಆರೋಗ್ಯವಂತರಾ?

2011ರ ಫೆಬ್ರವರಿಯಲ್ಲಿ ಜನಗಣತಿಗೆ ಹೋದ ಮೇಷ್ಟ್ರುಗಳಲ್ಲಿ ನಾನೂ ಒಬ್ಬ. ನೀವು ಹೇಳ್ತಿರೋ ಆ 2.21ರೊಳಗೆ ನಾನು ತುಂಬಿದ ಹಾಳೆಗಳೂ ಸೇರಿವೆ. ಹಾಗಾಗಿ ಧೈರ್ಯವಾಗಿ ಹೇಳ್ತೀನಿ, ಆರೋಗ್ಯಕ್ಕೂ ಆ ಸಂಖ್ಯೆಗೂ ಅಷ್ಟೇನೂ ಸಂಬಂಧವಿಲ್ಲ. ಕೇಳಿದ ಪ್ರಶ್ನೆಯೇ ಬೇರೆ.

ನಮ್ಮ ಅನುಸೂಚಿಯ 9ನೇ ಪ್ರಶ್ನೆ ಹೆಚ್ಚುಕಮ್ಮಿ ಹೀಗಿತ್ತು: ಈ ವ್ಯಕ್ತಿಗೆ ದೈಹಿಕ ಅಥವಾ ಮಾನಸಿಕ ಅಂಗವೈಕಲ್ಯ ಇದೆಯೇ? ಹೌದು ಅಂದರೆ ಮಾತ್ರ ಎಂಟು ಬಗೆಗಳಲ್ಲಿ ಯಾವುದು ಅಂತ ಬರೀಬೇಕು. ಉತ್ತರ ಹೇಳೋದು ಸಾಮಾನ್ಯವಾಗಿ ಮನೆ ಯಜಮಾನ, ಆ ವ್ಯಕ್ತಿಯಲ್ಲ. ಒಂದು ಮನೆಯ ಜಗುಲಿ ಮೇಲೆ ಕೂತಿದ್ದ ಅಜ್ಜಿಯ ಹೆಸರನ್ನು ಮೂರು ಸಲ ಕೂಗಿ ಕೇಳಿದೆ. ಕೊನೆಗೆ ಮಗನೇ ಹೇಳಿದ. 9ನೇ ಪ್ರಶ್ನೆಗೆ ಬಂದಾಗ ಅವನ ಉತ್ತರ: "ಅಂಥೋರು ಯಾರೂ ಇಲ್ಲ ಸಾರ್. ಅವ್ವಂಗೆ ವಯಸ್ಸಾಗಿ ಕಿವಿ ಮಂದ, ಅಷ್ಟೇ." ಮದುವೆ ವಯಸ್ಸಿನ ಹುಡುಗಿ ಇದ್ದ ಮನೆಗಳಲ್ಲಂತೂ ಕೇಳೋಕೇ ಮುಜುಗರ. ಎರಡು ಮೂರು ಕಡೆ ಕೇಳದೆಯೇ "ಇಲ್ಲ" ಅಂತ ಬರೆದುಬಿಟ್ಟೆ, ತಪ್ಪು ನನ್ನದೇ. "ಬರ್ಕೊಂಡ್ರೆ ಮಾಸಾಶನ ಬರುತ್ತಾ?" ಅಂತ ತಾವಾಗೇ ಮುಂದೆ ಬಂದವರೂ ಇದ್ದರು ಅನ್ನಿ.

ಅಂಗವೈಕಲ್ಯವನ್ನು ಎಲ್ಲ ದೇಶಗಳಲ್ಲೂ ಒಂದೇ ರೀತಿ ಎಣಿಸೋಕೆ ಅಂತ ವಿಶ್ವಸಂಸ್ಥೆಯಡಿ 2001ರಲ್ಲಿ ಶುರುವಾದ ವಾಷಿಂಗ್ಟನ್ ಗ್ರೂಪ್‌ನವರ ಆರು ಪ್ರಶ್ನೆಗಳಲ್ಲಿ ಅಂಗವಿಕಲ ಅನ್ನೋ ಪದವೇ ಬರಲ್ಲ. ಕನ್ನಡಕ ಹಾಕಿಕೊಂಡರೂ ಕಾಣೋದು ಕಷ್ಟವಾ? ಕಿವಿಗೆ ಮಷೀನ್ ಇಟ್ಟುಕೊಂಡರೂ ಕೇಳಿಸೋದು ಕಷ್ಟವಾ? ಮೆಟ್ಟಿಲು ಹತ್ತೋಕೆ, ನೆನಪಿಟ್ಟುಕೊಳ್ಳೋಕೆ, ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳೋಕೆ, ಹೇಳಿದ್ದು ಇನ್ನೊಬ್ಬರಿಗೆ ಅರ್ಥ ಮಾಡಿಸೋಕೆ? ಉತ್ತರ ನಾಲ್ಕು: ಕಷ್ಟವಿಲ್ಲ, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಆಗೋದೇ ಇಲ್ಲ. ಒಂದಕ್ಕಾದರೂ ಕೊನೆಯ ಎರಡರಲ್ಲೊಂದು ಬಂದರೆ ಲೆಕ್ಕಕ್ಕೆ ಸೇರಿದರು. ಹೀಗೆ ಕೇಳಿದ್ದರೆ ಆ ಮಗ "ತುಂಬಾ ಕಷ್ಟ ಸಾರ್" ಅಂತ ಸಲೀಸಾಗಿ ಹೇಳ್ತಿದ್ದ. ಮಾನಸಿಕ ಕಾಯಿಲೆ ಮಾತ್ರ ಈ ಆರರಲ್ಲೂ ಸರಿಯಾಗಿ ಸಿಗಲ್ಲ.

ವ್ಯಾಖ್ಯೆ ಬದಲಾದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಗಣತಿಯೇ ಸಾಕ್ಷಿ. 2001ರಲ್ಲಿ ದೃಷ್ಟಿದೋಷದವರು 1.06 ಕೋಟಿ, 2011ರಲ್ಲಿ ಸುಮಾರು 50 ಲಕ್ಷ. ಹತ್ತು ವರ್ಷದಲ್ಲಿ ಅರ್ಧ ಜನಕ್ಕೆ ಕಣ್ಣು ಬಂತಾ? ಇಲ್ಲ, ಒಂದೇ ಕಣ್ಣು ಕಾಣುವವರನ್ನು ಎರಡನೇ ಸಲ ಬಿಟ್ಟರು. ಕಿವಿಯದ್ದು ತದ್ವಿರುದ್ಧ: ಮಷೀನ್ ಹಾಕಿಕೊಂಡವರನ್ನೂ ಸೇರಿಸಿದರು, 12.6 ಲಕ್ಷ ಇದ್ದದ್ದು 50 ಲಕ್ಷ ದಾಟಿತು. ಅದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಪಟ್ಟಿ ಉದ್ದ ಮಾಡಿದರೆ ಸಾಕು ಅಂತಲೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಗವೈಕಲ್ಯದ 21 ಬಗೆಗಳಿವೆ, ಅದನ್ನು ಅನುಸರಿಸಿದ 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲೂ ಬಂದದ್ದು ಶೇ. 2.2.

ಹಾಗಂತ 16ರಲ್ಲಿ 2.21 ಕಳೆದು "ಇಷ್ಟು ಜನರನ್ನು ಮುಚ್ಚಿಟ್ಟರು" ಅಂತ ಬರೆದುಬಿಡಬೇಡಿ. ಆ 16 ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಯಾರೂ ಮನೆಮನೆಗೆ ಹೋಗಿ, ಜಗುಲಿ ಮೇಲೆ ಕೂತು ಎಣಿಸಿದ್ದಲ್ಲ.