ಚೌತಿಯಿಂದ ದೀಪಾವಳಿಯವರೆಗೆ: ಓಟ ಶುರು ಮಾಡುವ ಅಣ್ಣನಿಗೆ

ರಿಪ್ಪನ್‌ಪೇಟೆಯ ಅಣ್ಣಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿ ನೋಡಿದೆ. ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅನ್ನಿಸಿತು. ಅದಕ್ಕೇ ಬೆಳಿಗ್ಗೆ ಹಾಲು ಡೈರಿಗೆ ಹಾಕಿ ಬಂದು, ಕೂತು ಬರೆಯುತ್ತಿದ್ದೇನೆ. ಅಡಿಕೆ ಬೆಳೆಗಾರರ ಈ ಗುಂಪಿನಲ್ಲಿ ಓಟದ ಮಾತು ಯಾಕೆ ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಸಕ್ಕರೆ, ಬಿಪಿ ಈಗ ನಮ್ಮೆಲ್ಲರ ಮನೆಯ ಮಾತು.

ನೀವು ಬರೆದಿದ್ದು ಇಷ್ಟು. ವಯಸ್ಸು 48. ಮೂರು ತಿಂಗಳ ಸಕ್ಕರೆ ಸರಾಸರಿ (HbA1c ಪರೀಕ್ಷೆ) 6.1 ಬಂದಿದೆ. ಡಾಕ್ಟರು ಸದ್ಯಕ್ಕೆ ಮಾತ್ರೆ ಬೇಡ, ತೂಕ ಇಳಿಸಿ ಅಂದಿದ್ದಾರೆ. ಎರಡು ಸಲ ಓಟ ಶುರು ಮಾಡಿ, ಎರಡು ಸಲವೂ ಹದಿನೈದು ದಿನಕ್ಕೆ ಬಿಟ್ಟಿದ್ದೀರಿ. ಒಮ್ಮೆ ಕಣಕಾಲಿನ ಮೂಳೆ ನೋವು, ಒಮ್ಮೆ ಮಳೆ. ಐದು ನಿಮಿಷಕ್ಕೇ ಏದುಸಿರು. ಕೊನೆಗೆ "ಇದು ನನ್ನ ಕೈಲಿ ಆಗುವ ಕೆಲಸವೇ ಅಲ್ವೇನೋ" ಅಂತ ಕೇಳಿದ್ದೀರಿ.

ಆಗುತ್ತದೆ ಅಣ್ಣ. ನೀವು ಜಾಸ್ತಿ ಜೋರಾಗಿ ಓಡಿದ್ದೀರಿ, ಅಷ್ಟೇ.

ನಾನು 2019ರಲ್ಲಿ ಮಾಡಿದ್ದೂ ಅದೇ. ಆಗ ನನಗೆ 37. ಮಂಡಗದ್ದೆ ಹತ್ತಿರದ ನಮ್ಮೂರಿನ ಒಳರಸ್ತೆಯಲ್ಲಿ ಮೊದಲ ದಿನವೇ ಮೂರು ಕಿಲೋಮೀಟರ್ ಓಡಿದೆ. ಹೈಸ್ಕೂಲಿನಲ್ಲಿ ಓಡಿದ ನೆನಪು ಕಾಲಿಗಿತ್ತು, ಆದರೆ ಆ ಕಾಲು ಈಗ ಇರಲಿಲ್ಲ. ಮೂರನೇ ವಾರಕ್ಕೆ ಕಣಕಾಲಿನ ಒಳಬದಿ ಮುಟ್ಟಿದರೆ ಜೀವ ಹೋಗುವಷ್ಟು ನೋವು. ಎರಡು ತಿಂಗಳು ಓಡಲಿಲ್ಲ. ಆಮೇಲೆ ಶುರು ಮಾಡಿದ್ದು ನಡಿಗೆಯಿಂದ. ಇವತ್ತಿನವರೆಗೂ ಬಿಟ್ಟಿಲ್ಲ.

ಯಾಕೆ ಹೀಗಾಗುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಓಡಲು ಶುರು ಮಾಡಿದ ಮೂರು ನಾಲ್ಕು ವಾರದಲ್ಲೇ ಉಸಿರು ಸುಧಾರಿಸುತ್ತದೆ, ಹೃದಯ ಹೊಂದಿಕೊಳ್ಳುತ್ತದೆ. ಮೂಳೆ, ಮೂಳೆಗೆ ಸ್ನಾಯುವನ್ನು ಕಟ್ಟಿರುವ ನಾರು, ಇವು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಉಸಿರು ಬಾಳೆಗಿಡ ಇದ್ದ ಹಾಗೆ, ಮೂಳೆ ಅಡಿಕೆ ಸಸಿ ಇದ್ದ ಹಾಗೆ. ಎರಡನ್ನೂ ಒಂದೇ ದಿನ ನೆಟ್ಟರೂ ಬಾಳೆ ಮುಂದಿನ ವರ್ಷ ಗೊನೆ ಬಿಡುತ್ತದೆ. ಉಸಿರು "ಇನ್ನೂ ಓಡು" ಅನ್ನುವ ಹೊತ್ತಿಗೆ ಮೂಳೆ ಇನ್ನೂ ಸಸಿಯೇ. ಹೊಸಬರು ಕಾಲು ನೋಯಿಸಿಕೊಳ್ಳುವುದು ಹೆಚ್ಚಾಗಿ ಆ ಹೊತ್ತಿನಲ್ಲೇ.

ಹಾಗಾಗಿ ಓಟ ಮತ್ತು ನಡಿಗೆ ಎರಡನ್ನೂ ಸೇರಿಸಿ. ಇದು ಕೈಲಾಗದವರ ದಾರಿ ಅಂತ ತಿಳಿಯಬೇಡಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೊವೇ, 1974ರಲ್ಲಿ ಹೊಸಬರಿಗೆ ಓಟ ಕಲಿಸಲು ಹೊರಟಾಗ ಹಿಡಿದದ್ದೇ ಈ ದಾರಿ. ಸ್ವಲ್ಪ ಓಡು, ಸುಸ್ತಾಗುವ ಮೊದಲೇ ನಡೆ, ಮತ್ತೆ ಓಡು. ಸುಸ್ತಾಗುವ ಮೊದಲೇ ಅನ್ನುವುದು ಮುಖ್ಯ. ಸುಸ್ತಾದ ಮೇಲೆ ನಡೆದರೆ ಅವತ್ತಿನ ಕೆಲಸ ಕೆಟ್ಟಿತು.

ನಿಮಗೆ ಒಳ್ಳೆಯ ಕಾಲ ಮುಂದಿದೆ. ಗಣೇಶ ಚೌತಿಯಿಂದ ದೀಪಾವಳಿಗೆ ಹೆಚ್ಚೂ ಕಮ್ಮಿ ಎಂಟು ವಾರ. ಮಳೆ ಇಳಿಯುತ್ತಾ ಬಂದಿರುತ್ತದೆ, ಕೊಯ್ಲು ಇನ್ನೂ ಜೋರಾಗಿರುವುದಿಲ್ಲ. ವಾರಕ್ಕೆ ಮೂರೇ ದಿನ. ನಡುವೆ ಒಂದು ದಿನವಾದರೂ ಬಿಡುವು ಇರಲಿ. ಪ್ರತಿ ಸಲ ಮೊದಲ ಏಳೆಂಟು ನಿಮಿಷ ಬಿರುಸಾಗಿ ನಡೆಯಿರಿ. ಮೊದಲ ಎರಡು ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಮೂರು ನಾಲ್ಕನೇ ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಆರು ಸಲ. ಐದು ಆರನೇ ವಾರ ನಾಲ್ಕು ನಿಮಿಷ ಓಟ, ಎರಡು ನಿಮಿಷ ನಡಿಗೆ, ನಾಲ್ಕು ಸಲ. ಏಳನೇ ವಾರ ಎಂಟು ನಿಮಿಷದ ಓಟ ಮೂರು ಸಲ, ನಡುವೆ ಎರಡೆರಡು ನಿಮಿಷ ನಡಿಗೆ. ಎಂಟನೇ ವಾರ ಹನ್ನೆರಡು ನಿಮಿಷ ಎರಡು ಸಲ. ಯಾವುದಾದರೂ ವಾರ ಕಷ್ಟ ಅನ್ನಿಸಿದರೆ ಅದೇ ವಾರವನ್ನು ಇನ್ನೊಮ್ಮೆ ಮಾಡಿ. ನಾನು ನಾಲ್ಕನೇ ವಾರವನ್ನು ಮೂರು ಸಲ ಮಾಡಿದ್ದೇನೆ. ದೀಪಾವಳಿ ದಾಟಿ ಕಾರ್ತಿಕಕ್ಕೆ ಹೋದರೂ ಏನೂ ನಷ್ಟವಿಲ್ಲ.

ಮೊದಲ ವಾರ "ಇಷ್ಟೇನಾ, ಇನ್ನೂ ಓಡಬಹುದಲ್ಲ" ಅನ್ನಿಸುತ್ತದೆ. ಅನ್ನಿಸಲಿ. ಆ ಹಸಿವು ಉಳಿಸಿಕೊಂಡೇ ಮನೆಗೆ ಬನ್ನಿ. ನಾಡಿದ್ದು ಮತ್ತೆ ಹೊರಡಿಸುವುದು ಅದೇ.

ಎಷ್ಟು ನಿಧಾನ ಓಡಬೇಕು ಅಂದರೆ, ಪಕ್ಕದಲ್ಲಿ ಬರುವವರಿಗೆ ರಾಶಿ, ಬೆಟ್ಟೆ, ಸರಕು, ಗೊರಬಲು ಈ ನಾಲ್ಕು ಬಗೆಯ ಅಡಿಕೆಯ ಧಾರಣೆಯನ್ನೂ ಆರಾಮಾಗಿ ಹೇಳಲು ಆಗಬೇಕು. "ರಾಶಿ..." ಅಂತ ಹೇಳಿ ಉಸಿರು ಎಳೆದುಕೊಳ್ಳಬೇಕಾದರೆ ನೀವು ಜೋರಾಗಿದ್ದೀರಿ. ಜೊತೆಗೆ ಯಾರೂ ಇಲ್ಲದಿದ್ದರೆ ಒಬ್ಬರೇ ಹೇಳಿಕೊಳ್ಳಿ. ನನ್ನ ಓಟದ ವೇಗ ಮೊದಲ ಮೂರು ತಿಂಗಳು ನಮ್ಮ ಮನೆಯವರ ಬಿರುಸು ನಡಿಗೆಗಿಂತ ಸ್ವಲ್ಪವೇ ಹೆಚ್ಚಿತ್ತು. ಹೆಜ್ಜೆ ಚಿಕ್ಕದಿರಲಿ. ಕಾಲನ್ನು ಮುಂದಕ್ಕೆ ಚಾಚಿ ಹಿಮ್ಮಡಿ ಕುಕ್ಕಬೇಡಿ, ಪಾದ ನಿಮ್ಮ ಮೈಯ ಕೆಳಗೇ ಬೀಳಲಿ.

ನಮ್ಮ ಕಡೆ ಸಮತಟ್ಟು ಜಾಗ ಹುಡುಕುವುದೇ ಒಂದು ಕೆಲಸ. ಮನೆಯಿಂದ ಹೊರಟರೆ ಒಂದೋ ಏರು, ಒಂದೋ ಇಳಿಜಾರು. ಗದ್ದೆಬಯಲಿನ ರಸ್ತೆ, ಕೆರೆ ಏರಿ, ಶಾಲೆಯ ಮೈದಾನ ಇವು ಒಳ್ಳೆಯವು. ಶಿವಮೊಗ್ಗ ಪೇಟೆಯಲ್ಲಿರುವವರಿಗೆ ನೆಹರೂ ಕ್ರೀಡಾಂಗಣ ಇದೆ, ತುಂಗಾ ನಾಲೆಯ ಏರಿ ಇದೆ. ಏರು ಬಂದರೆ ನಾಚಿಕೆ ಇಲ್ಲದೆ ನಡೆಯಿರಿ. ಇಳಿಜಾರಿನಲ್ಲಿ ಮಾತ್ರ ಹುಷಾರು. ಅಲ್ಲಿ ಉಸಿರಿಗೆ ಸುಖ, ಆದರೆ ಮಂಡಿ ಮತ್ತು ತೊಡೆಯ ಮೇಲೆ ಪೆಟ್ಟು ಜಾಸ್ತಿ. ನನ್ನ ಎರಡು ಕಾಲ್ಬೆರಳ ಉಗುರು ಕಪ್ಪಾಗಿ ಉದುರಿದ್ದು ಇಳಿಜಾರಿನಲ್ಲಿ ಓಡಿಯೇ.

ಉಗುರು ಹೋಗಲು ಶೂ ಕೂಡ ಕಾರಣ. ಪೇಟೆಯ ಅಂಗಡಿಯೊಂದರಲ್ಲಿ "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅಂತ ಕೊಟ್ಟಿದ್ದನ್ನು ತಂದಿದ್ದೆ. ಓಟದ ಶೂ ಹಾಗೆ ಸಡಿಲ ಆಗುವುದಿಲ್ಲ. ಸಂಜೆ ಹೊತ್ತು ಅಂಗಡಿಗೆ ಹೋಗಿ, ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಬೇಕು. ದುಬಾರಿ ಬೇಕಿಲ್ಲ, ಆದರೆ ಓಟಕ್ಕೆ ಅಂತಲೇ ಮಾಡಿದ್ದು ಬೇಕು. ಹಾಕಿಕೊಂಡು ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿ ನೋಡಿದಾಗ ಆರಾಮ ಅನ್ನಿಸಿದ್ದೇ ನಿಮ್ಮ ಶೂ. ಒಂದು ಜೊತೆ 500ರಿಂದ 800 ಕಿಲೋಮೀಟರ್ ಬರುತ್ತದೆ. ತೋಟಕ್ಕೆ ಅದನ್ನೇ ಹಾಕಿಕೊಂಡು ಹೋಗಬೇಡಿ.

ಕಣಕಾಲಿನ ನೋವಿಗೆ ಬರುತ್ತೇನೆ. ಒಳಬದಿಯ ಮೂಳೆಯ ಉದ್ದಕ್ಕೂ ಒಂದು ಗೇಣು ನೋಯುತ್ತಿದ್ದರೆ ಅದು ಹೊಸಬರಿಗೆ ಬರುವ ಮಾಮೂಲಿ ನೋವು. ಓಟ ನಿಲ್ಲಿಸಿ, ನೋಯದಿದ್ದರೆ ನಡೆಯಿರಿ, ನೋವು ಹೋದ ಮೇಲೆ ಮೊದಲ ವಾರದಿಂದ ಶುರು ಮಾಡಿ. ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವ ಹಾಗೆ ನೋವಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಎಣ್ಣೆ ತಿಕ್ಕುತ್ತಾ ಕೂರಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ. ಎರಡೂ ಕಾಲಿನ ತೊಡೆ, ಮೀನಖಂಡ ಮಾರನೇ ದಿನ ಬಿಗಿಯಾಗಿ ನೋಯುವುದು ಬೇರೆ. ಅದು ಎರಡು ಮೂರು ದಿನಕ್ಕೆ ಹೋಗುತ್ತದೆ, ಹೆದರಬೇಡಿ.

ನನಗೆ ಆ ನೋವು ಮತ್ತೆ ಬರಲಿಲ್ಲ. ನಿಧಾನ ಓಡಿದ್ದು ಒಂದು ಕಾರಣ, ಇನ್ನೊಂದು ಜಗಲಿಯ ಮೆಟ್ಟಿಲು. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ, ಕಂಬ ಹಿಡಿದು, ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸುವುದು. ಹದಿನೈದರಂತೆ ಮೂರು ಸಲ, ದಿನ ಬಿಟ್ಟು ದಿನ. ಕಾಫಿ ಕಾಯುವಷ್ಟರಲ್ಲಿ ಮುಗಿಯುತ್ತದೆ.

ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬ ಹಿರಿಯರು ಓಡಿದರೆ ಮಂಡಿ ಸವೆಯುತ್ತದೆ ಅಂತ ಬರೆದಿದ್ದಾರೆ. ಅವರ ಕಾಳಜಿ ಅರ್ಥ ಆಗುತ್ತದೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಶೇಕಡಾ 3.5, ಓಡದವರಲ್ಲಿ ಶೇಕಡಾ 10.2 ಇತ್ತು. ಸ್ಪರ್ಧೆಗೆ ಓಡುವವರಲ್ಲಿ ಮಾತ್ರ ಜಾಸ್ತಿ, ಶೇಕಡಾ 13.3. ಮಂಡಿ ನೋವಿದ್ದವರು ಓಟಕ್ಕೇ ಬರುವುದಿಲ್ಲ, ಹಾಗಾಗಿ ಪೂರ್ತಿ ಲಾಭ ಓಟದ್ದೇ ಅನ್ನುವ ಹಾಗಿಲ್ಲ. ಆದರೆ ಹಿತಮಿತವಾಗಿ ಓಡಿದರೆ ಮಂಡಿ ಹಾಳಾಗುತ್ತದೆ ಅನ್ನುವ ಹೆದರಿಕೆ ಬೇಡ. ಈಗಾಗಲೇ ಮಂಡಿಗೆ ಪೆಟ್ಟಾಗಿದ್ದವರು ಕೇಳಿಯೇ ಶುರು ಮಾಡಿ.

ಇನ್ನೊಬ್ಬರು ತೋಟದ ಕೆಲಸ ಸಾಲದಾ ಅಂದಿದ್ದಾರೆ. ನಮ್ಮ ಅಜ್ಜನ ಕಾಲಕ್ಕೆ ಸಾಕಿತ್ತು. ನಾನು ತೋಟಕ್ಕೆ ಹೋಗುವುದು ಬೈಕಿನಲ್ಲಿ, ಕಳೆ ಹೊಡೆಯುವುದು ಮೆಷಿನ್‌ನಲ್ಲಿ. ಒಂದು ದಿನ ಸೊಂಟ ಮುರಿಯುವಷ್ಟು ಕೆಲಸ, ನಾಲ್ಕು ದಿನ ಖಾಲಿ. ಹೃದಯಕ್ಕೆ ಬೇಕಾದ ನಿಯಮಿತ ವ್ಯಾಯಾಮ ಅದರಲ್ಲಿ ಸಿಗುವುದಿಲ್ಲ.

ನಿಮ್ಮ 6.1ರ ಬಗ್ಗೆ. 5.7ರಿಂದ 6.4ರವರೆಗಿನದು ಸಕ್ಕರೆ ಕಾಯಿಲೆಯ ಹೊಸ್ತಿಲು. ಅಮೆರಿಕದಲ್ಲಿ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿ ಮಾಡಿದ ದೊಡ್ಡ ಅಧ್ಯಯನ 2002ರಲ್ಲಿ ಬಂತು. ವಾರಕ್ಕೆ 150 ನಿಮಿಷ ಮೈ ಬೆವರಿಸಿ, ಊಟ ತಿದ್ದಿಕೊಂಡು, ತೂಕದಲ್ಲಿ ಶೇಕಡಾ 7 ಇಳಿಸುವ ಗುರಿ ಇಟ್ಟುಕೊಂಡವರಲ್ಲಿ ಕಾಯಿಲೆಗೆ ಬೀಳುವುದು ಶೇಕಡಾ 58 ಕಮ್ಮಿಯಾಯಿತು. ಅವರಲ್ಲಿ ಹೆಚ್ಚಿನವರು ಮಾಡಿದ್ದು ಬಿರುಸು ನಡಿಗೆ! ಹಾಗಾಗಿ ನಡುವಿನ ನಡಿಗೆಯ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ, ಓಟ ಇಲ್ಲದ ದಿನದ ನಡಿಗೆಯೂ ಬರುತ್ತದೆ. ಶುರು ಮಾಡುವ ಮೊದಲು ಬಿಪಿ, ಹೃದಯ ಒಮ್ಮೆ ತೋರಿಸಿಕೊಳ್ಳಿ. ಓದುವವರಲ್ಲಿ ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಇದ್ದರೆ ಡಾಕ್ಟರಿಗೆ ಹೇಳಿಯೇ ಓಡಿ, ಜೇಬಿನಲ್ಲಿ ಸಕ್ಕರೆ ಇಟ್ಟುಕೊಳ್ಳಿ. ಎದೆ ಹಿಡಿದ ಹಾಗಾದರೆ, ತಲೆ ತಿರುಗಿದರೆ, ಆ ಕ್ಷಣವೇ ನಿಲ್ಲಿಸಿ.

ಬಿಡದೆ ಮುಂದುವರಿಸುವುದು ಹೇಗೆ ಅಂತ ಕೇಳಿದ್ದಿರಿ. ನಾನು ಡೈರಿಗೆ ಹಾಲು ಹಾಕುವುದಕ್ಕೆ ಓಟವನ್ನು ಕಟ್ಟಿಹಾಕಿದೆ. ಕ್ಯಾನ್ ಅಲ್ಲೇ ಬಿಟ್ಟು, ಅಲ್ಲಿಂದಲೇ ಓಡಿ, ವಾಪಸ್ ಬರುವಾಗ ಕ್ಯಾನ್ ತರುತ್ತೇನೆ. ಇವತ್ತು ಹೋಗಲಾ ಬೇಡವಾ ಅನ್ನುವ ಯೋಚನೆಗೆ ಜಾಗವೇ ಇಲ್ಲ. ಒಂದು ದಿನ ತಪ್ಪಿದರೆ ತಪ್ಪಲಿ, ಅದನ್ನು ತುಂಬಲು ಮಾರನೇ ದಿನ ಡಬಲ್ ಓಡಬೇಡಿ. ಕೊಯ್ಲಿನ ತಿಂಗಳುಗಳಲ್ಲಿ ರಾತ್ರಿ ಹನ್ನೊಂದರವರೆಗೆ ಸುಲಿಯುವುದು, ಬೇಯಿಸುವುದು ಇರುತ್ತದಲ್ಲ. ಆಗ ವಾರಕ್ಕೆ ಎರಡೇ ದಿನ, ಹದಿನೈದೇ ನಿಮಿಷ. ಪೂರ್ತಿ ನಿಲ್ಲಿಸಿದರೆ ಮತ್ತೆ ಶುರು ಮಾಡುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತೇ ಇದೆ.

ಮೊದಲು ಒಂದು ತಿಂಗಳು ಜನ ಬೈಕ್ ನಿಲ್ಲಿಸಿ "ಏನಾಯ್ತು, ಯಾರಿಗೆ ಹುಷಾರಿಲ್ಲ, ಹತ್ತಿ, ಬಿಡ್ತೀನಿ" ಅಂತ ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುವುದು. ಸಕ್ಕರೆಗೆ ಅಂತ ನೇರವಾಗಿ ಹೇಳಿಬಿಡಿ. ನಮ್ಮೂರಲ್ಲಿ ಹಾಗೆ ಕೇಳಿದವರಲ್ಲೇ ಇಬ್ಬರು ಈಗ ನನ್ನ ಜೊತೆ ಬರುತ್ತಾರೆ, ಅವರ ಮನೆಯ ಹೆಂಗಸರು ಶಾಲೆಯ ಮೈದಾನದಲ್ಲಿ ನಡೆಯುತ್ತಾರೆ.

ಮಳೆಗೆ ಹೆದರಬೇಡಿ. ಮುಂದೆ ಅಂಚಿರುವ ಟೋಪಿ ಹಾಕಿದರೆ ಕಣ್ಣಿಗೆ ನೀರು ಬೀಳುವುದಿಲ್ಲ. ಹತ್ತಿ ಸಾಕ್ಸ್ ಒದ್ದೆಯಾದರೆ ಬೊಬ್ಬೆ ಏಳುತ್ತದೆ, ನೈಲಾನ್ ತರಹದ್ದು ಹಾಕಿ. ಬಂದ ಮೇಲೆ ಶೂ ಒಳಗೆ ಹಳೆ ಪೇಪರ್ ತುರುಕಿ ಇಡಿ, ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಪಾಚಿ ಕಟ್ಟಿದ ಸಿಮೆಂಟು, ಜಂಬಿಟ್ಟಿಗೆ ಮೇಲೆ ಕಾಲಿಡಬೇಡಿ. ಗಾಳಿ ಜೋರಿದ್ದು ಕೊಂಬೆ ಮುರಿಯುವ ದಿನ, ಗುಡುಗು ಸಿಡಿಲಿನ ದಿನ ಮನೆಯಲ್ಲೇ ಇರಿ. ಇಂಬಳ ಟಾರು ರಸ್ತೆಯಲ್ಲಿ ಕಮ್ಮಿ.

ಮಳೆಗಿಂತ ನನಗೆ ಹೆದರಿಕೆ ಬೇಸಿಗೆಯ ಉಣುಗು. ಅದು ಕಚ್ಚಿ ಹರಡುವ ಮಂಗನ ಕಾಯಿಲೆ (ಕೆಎಫ್‌ಡಿ ಜ್ವರ) 1957ರಲ್ಲಿ ಮೊದಲು ಕಂಡದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ದರಗು (ಒಣ ಎಲೆ) ಬಿದ್ದ ಸೊಪ್ಪಿನಬೆಟ್ಟದ ಕಾಲುದಾರಿಯಲ್ಲಿ ಓಡಬೇಡಿ. ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆ ಹಚ್ಚಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ ಮೈ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡುಕೋಣ ಓಡಾಡುವ ಕಡೆ ಪೂರ್ತಿ ಬೆಳಕು ಹರಿದ ಮೇಲೆಯೇ ಹೊರಡಿ. ರಸ್ತೆಯಲ್ಲಿ ಬಲಗಡೆ ಓಡಿ, ಎದುರು ಬರುವ ಗಾಡಿ ಕಾಣುತ್ತಿರಬೇಕು.

ತಿನ್ನುವುದು ಸುಲಭ. ಕಾಫಿ ಕುಡಿದು ಹೊರಡಿ, ಸಕ್ಕರೆ ಬಿಟ್ಟು. ತಿಂಡಿ ಬಂದ ಮೇಲೆ. ಓಡಿ ಬಂದೆ ಅಂತ ಎರಡು ಕಡುಬು ಜಾಸ್ತಿ ಹಾಕಿಕೊಂಡರೆ ತೂಕ ಇಳಿಯುವುದಿಲ್ಲ. ಮೊಳಕೆಕಾಳು, ಮಜ್ಜಿಗೆ ಜಾಸ್ತಿ ಮಾಡಿ.

ಚೌತಿ ಮುಗಿದ ವಾರ ಮೊದಲ ದಿನ ಓಡಿದ ಕೂಡಲೇ ಇಲ್ಲಿ ಬರೆಯಿರಿ. ಯಾವ ರಸ್ತೆ, ಎಲ್ಲಿ ಏರು ಸಿಕ್ಕಿತು, ಕಣಕಾಲು ಹೇಗಿದೆ ಅಂತ ಹೇಳಿ. ನವೆಂಬರ್‌ನಲ್ಲಿ ನಾನು ಶಿವಮೊಗ್ಗದ ಮಾರುಕಟ್ಟೆಗೆ ಅಡಿಕೆ ತರುವ ದಿನ ಫೋನ್ ಮಾಡುತ್ತೇನೆ. ನೀವೂ ಶಿವಮೊಗ್ಗಕ್ಕೆ ಬಂದರೆ ಬೆಳಿಗ್ಗೆ ಆರೂವರೆಗೆ ನೆಹರೂ ಕ್ರೀಡಾಂಗಣದಲ್ಲಿ ನಾಲ್ಕು ಸುತ್ತು ಒಟ್ಟಿಗೆ ಓಡೋಣ, ಧಾರಣೆ ಮಾತಾಡಿಕೊಂಡು.